ಬಾ ಅಂದವರು, ಬರ್ರಿ ಅಂದವರು

ಧಾರವಾಡದಲ್ಲಿ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಭಾಷಾಶಾಸ್ತ್ರ ಕಲಿಸುತ್ತಿದ್ದ ಸರ್ ಒಂದು ಶನಿವಾರ ಹೇಳಿದರು: "ಊರಿಗೆ ಹೋಗಿ ಒಂದು ದಿನ ಸುಮ್ನ ಕೇಳ್ರಿ. ಯಾರು ಯಾರಿಗೆ ಬಾ ಅಂತಾರ, ಯಾರಿಗೆ ಬರ್ರಿ ಅಂತಾರ, ಬರಕೋರಿ. ಎದುರಿನವರು ತಿರುಗಿ ಏನಂದ್ರು ಅನ್ನೋದು ಮಾತ್ರ ಬಿಡಬ್ಯಾಡ್ರಿ."

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು 1960ರಲ್ಲಿ ಯುರೋಪಿನ ಭಾಷೆಗಳ 'ನೀನು-ನೀವು' ಬಗ್ಗೆ ಬರೆದದ್ದನ್ನು ಅವರು ಆಗಲೇ ಪಾಠ ಮಾಡಿದ್ದರು. ಇಬ್ಬರೂ 'ನೀನು' ಅಂದುಕೊಂಡರೆ ಅದು ಸಲಿಗೆ. ಒಬ್ಬರು 'ನೀನು' ಅಂದು, 'ನೀವು' ಅನ್ನಿಸಿಕೊಂಡರೆ ಅದು ಅಧಿಕಾರ. ಅದೇ ವರ್ಷ ವಿಲಿಯಂ ಮೆಕಾರ್ಮ್ಯಾಕ್ ಎಂಬ ವಿದ್ವಾಂಸರು ನಮ್ಮ ಧಾರವಾಡದ ಸಾಮಾಜಿಕ ಉಪಭಾಷೆಗಳ, ಅಂದರೆ ಬೇರೆ ಬೇರೆ ಸಮುದಾಯದವರು ಕನ್ನಡ ಆಡುವ ಬೇರೆ ಬೇರೆ ರೀತಿಗಳ ಬಗ್ಗೆ ಬರೆದಿದ್ದರು ಎಂದು ಕೇಳಿ ನಮಗೆಲ್ಲ ಆಶ್ಚರ್ಯವಾಗಿತ್ತು.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದೆ. ಅವ್ವನಿಗೆ ನಾನು 'ನೀ', ನನಗೆ ಅವಳೂ 'ನೀ'. ಅವ್ವನಿಗೆ ಅಪ್ಪ 'ನೀ'. ಅಪ್ಪನಿಗೆ ಅವ್ವ 'ನೀವು'. ಇಷ್ಟು ಬರೆಯುವಾಗಲೇ ಸ್ವಲ್ಪ ಕಸಿವಿಸಿಯಾಯಿತು.

ನಮ್ಮ ಹೊಲದ ಕೆಲಸಕ್ಕೆ ಒಬ್ಬ ಅಜ್ಜ ಬರುತ್ತಿದ್ದರು. ('ಬರುತ್ತಿದ್ದರು' ಎಂದು ಈಗ ಬರೆಯುತ್ತಿದ್ದೇನೆ. ಆಗ ಮನೆಯಲ್ಲಿ ಎಲ್ಲರೂ 'ಬರ್ತಿದ್ದ' ಅಂತಲೇ ಅನ್ನುತ್ತಿದ್ದೆವು.) ಹತ್ತು ವರ್ಷದ ನನ್ನ ತಮ್ಮ "ಏ, ಇಲ್ಲಿ ಬಾ" ಅಂದ. "ಬಂದೆರೀ ಸಣ್ಣ ಗೌಡ್ರ" ಎಂದು ಅಜ್ಜ ಓಡಿ ಬಂದರು. ಬರೆದುಕೊಂಡೆ. ಆಮೇಲೆ ನೆನಪಾಯಿತು, ಬೆಳಿಗ್ಗೆ ನಾನೇ ಅವರಿಗೆ "ಚಾ ಕುಡಿ" ಅಂದಿದ್ದೆ. ಅದನ್ನೂ ಬರೆಯಬೇಕಾಯಿತು. ನನ್ನ ಅಜ್ಜನಿಗಿಂತ ದೊಡ್ಡವರು ಅವರು.

ಇಂಗ್ಲಿಷಿಗೆ ತಿರುಗಿಸಿದರೆ ನಮ್ಮಿಬ್ಬರ ಮಾತಿಗೂ ಒಂದೇ 'ಯೂ'. ಕನ್ನಡದಲ್ಲಿ ಹಾಗೆ ಮುಚ್ಚಿಡಲು ಆಗುವುದಿಲ್ಲ. ಕ್ರಿಯಾಪದದ ತುದಿಯಲ್ಲೇ ಎಲ್ಲ ಹೊರಗೆ ಬರುತ್ತದೆ. ಪತ್ರಿಕೆಯನ್ನೂ ನಾನು ಅಂದಿನಿಂದ ಹಾಗೇ ಓದುತ್ತೇನೆ. ಕಟ್ಟಡದಿಂದ ಬಿದ್ದ ಕೂಲಿಕಾರ 'ಮೃತಪಟ್ಟಿದ್ದಾನೆ', ಅಪಘಾತದಲ್ಲಿ ತೀರಿಕೊಂಡ ಅಧಿಕಾರಿ 'ಮೃತಪಟ್ಟಿದ್ದಾರೆ' ಎಂದು ಒಂದೇ ಪುಟದಲ್ಲಿ ಕಂಡಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಸಾವಿನಲ್ಲೂ ಹೀಗಾ?

ಸೋಮವಾರ ಸರ್ ನನ್ನ ಪುಟ ಓದಿದರು. ಏನೂ ಹೇಳಲಿಲ್ಲ. ತಲೆಯಾಡಿಸಿ ನೋಟ್‌ಬುಕ್ ವಾಪಸ್ ಕೊಟ್ಟರು.

ಮುಂದಿನ ಸಲ ಊರಿಗೆ ಹೋದಾಗ ಅಜ್ಜನಿಗೆ "ಚಾ ಕುಡೀರಿ" ಅಂದೆ. ಅವರು ಹಿಂದೆ ತಿರುಗಿ ನೋಡಿದರು, ಇನ್ಯಾರೋ ಬಂದಿರಬೇಕು ಎಂದು. ಯಾರೂ ಇರಲಿಲ್ಲ. ಕಪ್ ತೆಗೆದುಕೊಂಡು, "ಕುಡೀತೇನ್ರಿ ಗೌಡ್ರ" ಅಂದರು. ಕೊನೆಯವರೆಗೂ ನನ್ನನ್ನು ಹಾಗೇ ಕರೆದರು.