ಆರು ಮಂದಿಗೆ ಐದು ರೊಟ್ಟಿ

ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲ. ಐದನೆಯ ತರಗತಿಗೆ ಬರುವ ಹೊತ್ತಿಗೆ ನಮಗೆಲ್ಲ ಭಾಗಾಕಾರ ಬರುತ್ತಿತ್ತು. ಏಳು ರೊಟ್ಟಿಯನ್ನು ನಾಲ್ವರಿಗೆ ಹಂಚಿದರೆ ಭಾಗಲಬ್ಧ 1, ಶೇಷ 3, ಲೆಕ್ಕ ಮುಗಿಯಿತು. ಗಣಿತದ ಮೇಷ್ಟ್ರು ಇದನ್ನು ಒಪ್ಪಲಿಲ್ಲ. "ಉಣ್ಣುವವರು ಕಾದು ಕೂತಿದ್ದಾರೆ, ಮೂರು ರೊಟ್ಟಿ ಹಾಗೇ ಉಳಿದಿವೆ. ಇದೆಂಥ ಪಂಕ್ತಿಯಪ್ಪಾ?" ಎಂದರು.

ಉಳಿದ ಮೂರನ್ನೂ ಮುರಿದು ಹಂಚಿದರೆ ಒಬ್ಬೊಬ್ಬರಿಗೆ ಇನ್ನೂ ಮುಕ್ಕಾಲು ಸಿಗುತ್ತದೆ, ಒಟ್ಟು ಒಂದೂಮುಕ್ಕಾಲು. ಅವರು ಹಲಗೆಯ ಮೇಲೆ 7/4 ಎಂದು ಬರೆದು, ಗೆರೆಯ ಮೇಲಿನ ಅಂಶ ರೊಟ್ಟಿ, ಕೆಳಗಿನ ಛೇದ ಉಣ್ಣುವವರು ಎಂದರು. ಭಿನ್ನರಾಶಿಯೂ ಒಂದು ಭಾಗಾಕಾರವೇ ಎಂದು ನನಗೆ ಹೊಳೆದದ್ದು ಆಗ.

ಆದರೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು ಆರು ಮಂದಿಗೆ ಐದು ರೊಟ್ಟಿಯ ಲೆಕ್ಕ. ಒಂದೊಂದನ್ನೂ ಆರು ಚೂರು ಮಾಡಿ, ಮೂವತ್ತು ಚೂರಿನಲ್ಲಿ ತಲಾ ಐದು ಕೊಡುವುದು ಎಲ್ಲರಿಗೂ ತೋಚಿತು. ಉತ್ತರ 5/6, ಸರಿಯೇ. "ಖಡಕ್ ರೊಟ್ಟಿಯನ್ನು ಅಷ್ಟು ಮುರಿದರೆ ಪುಡಿಯಷ್ಟೇ ಉಳಿಯುತ್ತದೆ. ಬೇರೆ ದಾರಿ ಹುಡುಕಿ" ಎಂದರು ಮೇಷ್ಟ್ರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಮೂರು ರೊಟ್ಟಿಯ ಚಿತ್ರ ಬರೆದು ಅರ್ಧರ್ಧ ಮಾಡಿದಳು: ಆರು ಅರ್ಧಗಳು. ಉಳಿದೆರಡನ್ನು ಮೂರು ಮೂರು ಪಾಲು ಮಾಡಿದಳು: ಅಲ್ಲಿಯೂ ಆರು. ಒಬ್ಬೊಬ್ಬರಿಗೆ ಒಂದು ಅರ್ಧ, ಮೂರರಲ್ಲಿ ಒಂದು ಪಾಲು. ಎರಡೂ ಸೇರಿ 5/6 ಆಗುತ್ತದೆಯೇ ಎಂದು ನೋಡಲು ಅರ್ಧವನ್ನು 3/6 ಎಂದೂ ಮೂರನೇ ಒಂದನ್ನು 2/6 ಎಂದೂ ಬರೆಯಬೇಕಾಯಿತು. ಛೇದ ಸಮ ಮಾಡುವುದು ಏತಕ್ಕೆಂದು ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ತಿಳಿಸಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಗಣಿತಜ್ಞ ಮಹಾವೀರಾಚಾರ್ಯರು 1ನ್ನು ಇಂಥ ಪಾಲುಗಳ ಮೊತ್ತವಾಗಿ ಬಿಡಿಸುವ ಸೂತ್ರ ಕೊಟ್ಟಿದ್ದಾರೆ. ಅದರಂತೆ ನಾಲ್ಕು ಪಾಲು ಬೇಕೆಂದರೆ 1/2 + 1/3 + 1/9 + 1/18. ಕಾಲೇಜಿನಲ್ಲಿ ಇದನ್ನು ಓದಿದಾಗ ಆ ಹುಡುಗಿಯೇ ಕಣ್ಣಮುಂದೆ ಬಂದಳು.

"ಪ್ರಶ್ನೆ ಓದಿ, ಆಮೇಲೆ ಶೇಷ ಮುಟ್ಟಿ" ಎನ್ನುತ್ತಿದ್ದರು ಮೇಷ್ಟ್ರು. ಏಳು ಗೋಲಿಯಾದರೆ ಮುರಿಯಲಾಗದು, ಮೂರು ಉಳಿಯಲೇಬೇಕು. ಏಳು ಎಕರೆ ಹೊಲವಾದರೆ ಅಂಗುಲವೂ ಉಳಿಯಬಾರದು. ಎಕರೆಗೆ 40 ಗುಂಟೆ. ನಾಲ್ವರು ಅಣ್ಣತಮ್ಮಂದಿರಿಗೆ ತಲಾ 1 ಎಕರೆ 30 ಗುಂಟೆ. ಭೂಮಾಪನದ ಕೆಲಸಕ್ಕೆ ಸೇರಿದ ನಾನು ಹಿಸ್ಸೆ ಅಳೆಯುವಾಗಲೆಲ್ಲ ಮಾಡುವುದು ಆ ತರಗತಿಯ ಲೆಕ್ಕವನ್ನೇ.

ಈಗ ಅದೇ ಬೆಂಚುಗಳಲ್ಲಿ ಕೂತಿರುವ ಐದನೆಯ ತರಗತಿಯ ಮಕ್ಕಳಿಗೊಂದು ಲೆಕ್ಕ ಬಿಡುತ್ತೇನೆ. ರೊಟ್ಟಿ ಏಳು, ಉಣ್ಣುವವರು ಹನ್ನೆರಡು ಮಂದಿ. ಯಾವ ರೊಟ್ಟಿಯನ್ನೂ ನಾಲ್ಕಕ್ಕಿಂತ ಹೆಚ್ಚು ಚೂರು ಮಾಡುವಂತಿಲ್ಲ.