ಐನೂರು ರೂಪಾಯಿ ದಂಡ

ರಾತ್ರಿ ಮೂರು ಗಂಟೆಗೆ ಫೋನ್ ಬಂದರೆ ನಮ್ಮ ಕಸುಬಿನಲ್ಲಿ ಎರಡೇ ಅರ್ಥ. ಯಾರನ್ನೋ ಸ್ಟೇಷನ್ನಿಗೆ ಕರೆದೊಯ್ದಿದ್ದಾರೆ, ಇಲ್ಲವೇ ಯಾರನ್ನೋ ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದಾರೆ. ಹೊನ್ನಾವರ, ಭಟ್ಕಳದ ಕಡೆಯ ಕಕ್ಷಿಗಾರರಿರುವ ವಕೀಲನಿಗೆ ಎರಡನೆಯದೂ ಹೊಸದಲ್ಲ. ಇಲ್ಲಿ ಅದೆಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಬೈ, ಮಸ್ಕತ್, ದಮ್ಮಾಮ್ ಅಂತ ಇರುತ್ತಾರೆ.

ನಾನು ಕಾರವಾರ, ಕುಮಟಾ, ಹೊನ್ನಾವರದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವವನು. ಆರೋಪಿ ಪರ. ವೀಸಾ, ಪಾಸ್‌ಪೋರ್ಟ್ ಕೆಲಸಕ್ಕೆ ನಾನಾಗಿ ಹೋದದ್ದಲ್ಲ. ಕ್ರಿಮಿನಲ್ ಕೇಸಿನ ಬಾಲ ಹಿಡಿದುಕೊಂಡು ಅದೇ ನನ್ನ ಮೇಜಿಗೆ ಬಂತು. ಮೊದಲ ಕೆಲವು ವರ್ಷ ಅದು ಬಂದದ್ದೂ ನನಗೆ ಗೊತ್ತಾಗಲಿಲ್ಲ. ಆ ಕಥೆ ಹೇಳುತ್ತೇನೆ. ಯಾರ ಗುರುತೂ ಸಿಗದ ಹಾಗೆ ಊರು, ಸಂಗತಿ ಸ್ವಲ್ಪ ಬದಲಿಸಿದ್ದೇನೆ.

ಜೂನಿಯರ್ ಆಗಿದ್ದಾಗಿನ ಮಾತು. ಬೇಲಿ ಜಗಳ. ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ ಪಕ್ಕದ ಮನೆಯವನಿಗೆ ಎರಡು ಬಾರಿಸಿದ್ದ. ಹಳೇ ದಂಡ ಸಂಹಿತೆಯ ಕಲಂ 323, 504, ಅಂದರೆ ಹೊಡೆದದ್ದು, ಬೈದು ಅವಮಾನಿಸಿದ್ದು. ಅಂಥ ಕೇಸಿಗೆ ಆಗ ಎಲ್ಲರಿಗೂ ಗೊತ್ತಿದ್ದ ಔಷಧ ಒಂದೇ: ತಪ್ಪೊಪ್ಪಿಕೋ, ದಂಡ ಕಟ್ಟು, ಮನೆಗೆ ಹೋಗು. ವಾಯಿದೆಗೆ ಅಲೆಯುವುದು ಬೇಡ, ಬಸ್ ಚಾರ್ಜು ಉಳಿಯಿತು. ಹುಡುಗನ ಅಪ್ಪನಿಗೂ ಅದೇ ಬೇಕಿತ್ತು. ಮಧ್ಯಾಹ್ನದ ಊಟದೊಳಗೆ ಐನೂರು ರೂಪಾಯಿ ಕಟ್ಟಿ ರಸೀದಿ ತೆಗೆದುಕೊಂಡು ಹೋದರು. ನನಗೆ ಕಾಫಿಯನ್ನೂ ಕುಡಿಸಿದರು. ಒಂದೇ ದಿನಕ್ಕೆ ಕೇಸು ಮುಗಿಸಿದೆ ಅಂತ ನನಗೂ ಹೆಮ್ಮೆ.

ಏಳು ವರ್ಷದ ಮೇಲೆ ಅದೇ ಹುಡುಗ ಬಂದ. ಕೆನಡಾಕ್ಕೆ ಅರ್ಜಿ ಹಾಕುತ್ತಿದ್ದಾನೆ. ಫಾರಂನಲ್ಲಿ ಒಂದು ಪ್ರಶ್ನೆ: ಯಾವುದೇ ದೇಶದಲ್ಲಿ, ಯಾವತ್ತಾದರೂ ನಿಮ್ಮ ಮೇಲೆ ಅಪರಾಧ ಸಾಬೀತಾಗಿದೆಯೇ? 'ಸಾರ್, ಅದು ಬರೀ ದಂಡ ಅಲ್ವಾ? ಇಲ್ಲ ಅಂತ ಬರೀಲಾ?' ಅಂದ.

ಬರೀ ದಂಡ ಅಲ್ಲ. ಐನೂರು ರೂಪಾಯಿ ಆದರೂ ಅದು ಶಿಕ್ಷೆಯೇ. ತಪ್ಪೊಪ್ಪಿಕೊಂಡ ಮೇಲೆ ಕೋರ್ಟು ಅವನನ್ನು ಅಪರಾಧಿ ಅಂತ ಬರೆದಿದೆ. ನಮ್ಮ ಊರಲ್ಲಿ ಅದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆದರೆ ಆ ಫಾರಂ ನೆನಪಿಟ್ಟುಕೊಂಡೇ ಕೇಳುತ್ತದೆ. ಇಲ್ಲ ಅಂತ ಬರೆದರೆ ಸುಳ್ಳು ಹೇಳಿದ ಹಾಗೆ, ಮೂಲ ಕೇಸಿಗಿಂತ ಅದೇ ದೊಡ್ಡ ತಾಪತ್ರಯ. ಹೌದು ಅಂತ ಬರೆದರೆ ಹಳೇ ದಾಖಲೆ ಎಲ್ಲ ತೆಗೆಸಿ, ಇಂಗ್ಲಿಷಿಗೆ ಭಾಷಾಂತರ ಮಾಡಿಸಿ, ವಿವರಣೆ ಬರೆದು ಕಾಯಬೇಕು. ಅವನು ಹೌದು ಅಂತಲೇ ಬರೆದ. ವೀಸಾ ಸಿಕ್ಕಿತು, ಒಂದೂವರೆ ವರ್ಷ ತಡವಾಗಿ. ಆಗ ಇದ್ದ ಕೆಲಸದ ಆಫರ್ ಅಷ್ಟು ದಿನ ಕಾಯಲಿಲ್ಲ.

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. ಆ ಎರಡೂ ಕಲಂ ರಾಜಿ ಮಾಡಿಕೊಳ್ಳಬಹುದಾದವು. ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 320, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 359. ದೂರು ಕೊಟ್ಟವನು ಕೋರ್ಟಿಗೆ ಬಂದು ರಾಜಿ ಅಂತ ಹೇಳಿದರೆ ಅದಕ್ಕೆ ಬಿಡುಗಡೆಯ ಬೆಲೆಯೇ ಇದೆ. ಅಂದರೆ ಆರೋಪಿ ಖುಲಾಸೆ. ಬೇಲಿಯ ಆಚೆಯವನನ್ನು ಒಂದು ಲೋಕ ಅದಾಲತ್‌ಗೆ ಕರೆತಂದಿದ್ದರೆ ಸಾಕಿತ್ತು. ನಾಲ್ಕು ವಾಯಿದೆ ಜಾಸ್ತಿ ಆಗುತ್ತಿತ್ತು, ಅಷ್ಟೇ. ನಾನು ಆ ನಾಲ್ಕು ವಾಯಿದೆ ಉಳಿಸಿದೆ. ಪಾಸ್‌ಪೋರ್ಟ್ ಇದೆಯಾ, ಹೊರಗೆ ಹೋಗುವ ಯೋಚನೆ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ಆ ಅಪ್ಪನೂ ಹೇಳಲಿಲ್ಲ. ಬೇಲಿ ಜಗಳಕ್ಕೂ ಕೆನಡಾಕ್ಕೂ ಏನು ಸಂಬಂಧ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಆಮೇಲೆ ಓದುವಾಗ ಅಮೆರಿಕದ ಸುಪ್ರೀಂ ಕೋರ್ಟಿನ 2010ರ ಒಂದು ತೀರ್ಪು ಸಿಕ್ಕಿತು, ಪಡೀಲಾ ವಿರುದ್ಧ ಕೆಂಟಕಿ. ಹೊಂಡುರಾಸ್‌ನಲ್ಲಿ ಹುಟ್ಟಿ ನಲವತ್ತು ವರ್ಷ ಅಮೆರಿಕದಲ್ಲಿ ಕಾಯಂ ನಿವಾಸಿಯಾಗಿದ್ದ ಮನುಷ್ಯ. ವಿಯೆಟ್ನಾಂ ಯುದ್ಧಕ್ಕೂ ಹೋಗಿ ಬಂದವನು. ಗಾಂಜಾ ಸಾಗಿಸಿದ ಕೇಸಿನಲ್ಲಿ ತಪ್ಪೊಪ್ಪಿಕೊಂಡ. ಇಷ್ಟು ವರ್ಷ ಇಲ್ಲೇ ಇದ್ದೀಯ, ಗಡಿಪಾರಿನ ಚಿಂತೆ ಬೇಡ ಅಂತ ವಕೀಲ ಹೇಳಿದ್ದನಂತೆ. ಆಮೇಲೆ ಗಡಿಪಾರು ಹೆಚ್ಚುಕಡಿಮೆ ಖಚಿತವಾಯಿತು. ತಪ್ಪೊಪ್ಪಿಗೆಯಿಂದ ಗಡಿಪಾರಾಗುವ ಅಪಾಯ ಇದೆ ಅಂತ ಆರೋಪಿಗೆ ತಿಳಿಸುವುದು ವಕೀಲನ ಕರ್ತವ್ಯ ಅಂತ ಕೋರ್ಟು ಹೇಳಿತು. ನಮ್ಮ ಕಾನೂನು ಬೇರೆ, ಆ ತೀರ್ಪು ಇಲ್ಲಿ ನಡೆಯುವುದಿಲ್ಲ. ಆದರೂ ಓದುವಾಗ ನನಗೆ ಕಂಡದ್ದು ಕೆಂಟಕಿ ಅಲ್ಲ, ನಮ್ಮ ಕೋರ್ಟಿನ ಜಗಲಿಯಲ್ಲಿ ಕುಡಿದ ಆ ಕಾಫಿ.

ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ಕೇಳುವುದು, ಪಾಸ್‌ಪೋರ್ಟ್ ಇದೆಯಾ? ಮನೆಯಲ್ಲಿ ಯಾರಾದರೂ ಹೊರಗಿದ್ದಾರಾ? ಮೀನು ಮಾರುವ ಅಮ್ಮನಿಗೂ ಕೇಳುತ್ತೇನೆ. ನಗುತ್ತಾರೆ. ನಕ್ಕು, 'ಮಗಂದು ಇದೆ' ಅನ್ನುತ್ತಾರೆ.

ರೂಢಿ ಬಂದ ಮಾತ್ರಕ್ಕೆ ಬುದ್ಧಿ ಪೂರ್ತಿ ಬಂತು ಅಂತಲ್ಲ. ಶಿರಸಿ ಕಡೆಯ ಒಂದು ಅಡಿಕೆ ತೋಟದ ಮನೆ. ಅರಣ್ಯ ಒತ್ತುವರಿ ಕೇಸು. ಆ ಕೇಸುಗಳು ನಮ್ಮ ಜಿಲ್ಲೆಗೆ ಮಳೆ ಇದ್ದ ಹಾಗೆ. ಪಹಣಿಯಲ್ಲಿ ಹೆಸರಿದ್ದ ತಪ್ಪಿಗೆ ಅಪ್ಪನ ಜೊತೆ ಮಗನೂ ಆರೋಪಿ. ಮಗನಿಗೆ ಜರ್ಮನಿಯಲ್ಲಿ ಓದಲು ಸೀಟು ಸಿಕ್ಕಿತು. ಪಾಸ್‌ಪೋರ್ಟ್ ಅರ್ಜಿ ತುಂಬಿದವನು ಪೇಟೆಯ ಏಜೆಂಟ್. ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ಬಾಕಿ ಇದೆಯೇ ಎಂಬಲ್ಲಿ 'ಇಲ್ಲ' ಅಂತ ಒತ್ತಿಬಿಟ್ಟಿದ್ದ. ಎಲ್ಲರಿಗೂ ಹಾಗೇ ಒತ್ತುವುದಂತೆ. ಪೊಲೀಸ್ ಪರಿಶೀಲನೆಯಲ್ಲಿ ಕೇಸು ಸಿಕ್ಕಿತು. ಪಾಸ್‌ಪೋರ್ಟ್ ಕಚೇರಿಯಿಂದ ನೋಟಿಸ್. 1967ರ ಪಾಸ್‌ಪೋರ್ಟ್ ಕಾಯ್ದೆಯ ಕಲಂ 12ರಲ್ಲಿ ಸುಳ್ಳು ಮಾಹಿತಿಗೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಅಥವಾ ಎರಡೂ. ಏಜೆಂಟ್ ಒತ್ತಿದ್ದು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಕೆಳಗೆ ಸಹಿ ಇರುವುದು ನಮ್ಮದು ತಾನೆ.

ವಿವರಣೆ ಕೊಟ್ಟು ಅದನ್ನು ಸರಿ ಮಾಡಿದೆವು. ಆಮೇಲೆ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ಕೊಡುವುದಿಲ್ಲ ಅಂತ ಕಲಂ 6 ಹೇಳುತ್ತದೆ. ಆದರೆ 1993ರ ಆಗಸ್ಟ್ 25ರ ಒಂದು ಕೇಂದ್ರ ಅಧಿಸೂಚನೆ ಇದೆ, ಜಿಎಸ್‌ಆರ್ 570. ಕೇಸು ನಡೆಯುತ್ತಿರುವ ಕೋರ್ಟೇ ಹೊರಗೆ ಹೋಗಲು ಬಿಟ್ಟರೆ ಪಾಸ್‌ಪೋರ್ಟ್ ಕೊಡಬಹುದು. ನಾನು ಅರ್ಜಿ ಬರೆದೆ. ಮನೇಕಾ ಗಾಂಧಿ ಕೇಸಿನ 1978ರ ತೀರ್ಪು, ಸಂವಿಧಾನದ 21ನೇ ವಿಧಿ, ಹೊರದೇಶಕ್ಕೆ ಹೋಗುವುದೂ ವ್ಯಕ್ತಿ ಸ್ವಾತಂತ್ರ್ಯದ ಭಾಗ, ಎಲ್ಲ ಚೆಂದ ಮಾಡಿ ಬರೆದೆ. ನ್ಯಾಯಾಧೀಶರು ಅನುಮತಿ ಕೊಟ್ಟರು. ಪಾಸ್‌ಪೋರ್ಟ್ ಬಂತು. ಅವಧಿ ಒಂದು ವರ್ಷ.

ಅಪ್ಪ ಫೋನ್ ಮಾಡಿದರು. 'ವಕೀಲರೇ, ಒಂದ್ ವರ್ಷದ ಪಾಸ್‌ಪೋರ್ಟ್ ಅಂದ್ರೆ ಎಂತದು? ಇವ್ನ ಕೋರ್ಸೇ ಎರಡು ವರ್ಷ.'

ತಪ್ಪು ಕಚೇರಿಯದಲ್ಲ, ನನ್ನದು. ಆ ಅಧಿಸೂಚನೆಯಲ್ಲೇ ಬರೆದಿದೆ: ಕೋರ್ಟಿನ ಆದೇಶದಲ್ಲಿ ಅವಧಿ ಇದ್ದರೆ ಅಷ್ಟಕ್ಕೆ, ಏನೂ ಇಲ್ಲದಿದ್ದರೆ ಒಂದು ವರ್ಷಕ್ಕೆ. ಮನೇಕಾ ಗಾಂಧಿಯನ್ನು ಅರ್ಧ ಪುಟ ಬರೆದವನು 'ಹತ್ತು ವರ್ಷದ ಅವಧಿಗೆ' ಅಂತ ಮೂರು ಪದ ಬರೆಯಲಿಲ್ಲ. ಮತ್ತೆ ಅರ್ಜಿ, ಮತ್ತೆ ವಾಯಿದೆ, ಮತ್ತೆ ನಕಲು. ಈಗ ನನ್ನ ಆಫೀಸಿನಲ್ಲಿ ಅರ್ಜಿ ಟೈಪ್ ಮಾಡುವ ಹುಡುಗಿ ನಾನು ಮರೆತರೂ ಬಿಡುವುದಿಲ್ಲ. 'ಸಾರ್, ಅವಧಿ?' ಅಂತ ನಿಲ್ಲಿಸುತ್ತಾಳೆ.

ಇನ್ನೊಂದು ಮಾತು, ಜೂನಿಯರ್‌ಗಳು ಕೇಳುತ್ತಿರುತ್ತಾರೆ. ಎಫ್‌ಐಆರ್ ಆದ ಕೂಡಲೇ ಕೋರ್ಟಿನಲ್ಲಿ ಕೇಸು ಬಾಕಿ ಅಂತ ಆಗುವುದಿಲ್ಲ. ಚಾರ್ಜ್‌ಶೀಟ್ ಬಂದು ಕೋರ್ಟು ಅದನ್ನು ಕೈಗೆತ್ತಿಕೊಳ್ಳಬೇಕು. ಈ ಎರಡರ ನಡುವಿನ ತಿಂಗಳುಗಳು ಕೆಲವರಿಗೆ ಬಹಳ ಬೆಲೆಯುಳ್ಳವು.

ಗೋಕರ್ಣದ್ದು ಇದೇ ಸಮಸ್ಯೆಯ ತಲೆಕೆಳಗು. ನಮ್ಮವರಿಗೆ ಹೊರಗೆ ಹೋಗಲಾಗದ ಸಂಕಟ, ಅಲ್ಲಿ ಬಂದ ವಿದೇಶಿಗಳಿಗೆ ವಾಪಸ್ ಹೋಗಲಾಗದ ಸಂಕಟ. ಸ್ವಲ್ಪ ಚರಸ್ ಸಿಕ್ಕಿಬಿದ್ದ ಒಬ್ಬನ ಕೇಸು ನನ್ನ ಕೈಗೆ ಬಂದಿತ್ತು. ನೂರು ಗ್ರಾಂಗಿಂತ ಎಷ್ಟೋ ಕಡಿಮೆ, ಕಾನೂನಿನ ಲೆಕ್ಕದಲ್ಲಿ ಸಣ್ಣ ಪ್ರಮಾಣ. ಜಾಮೀನು ಸಿಕ್ಕಿತು. ಆದರೆ ಜಾಮೀನುದಾರ ಎಲ್ಲಿಂದ ಬರಬೇಕು? ಪಹಣಿ ಹಿಡಿದು ಅವನಿಗೆ ನಿಲ್ಲುವವರು ಯಾರು? ಕೊನೆಗೆ ನಗದು ಭದ್ರತೆಗೆ ಒಪ್ಪಿಗೆ ಸಿಕ್ಕಿತು. ಅಷ್ಟರಲ್ಲಿ ವೀಸಾ ಮುಗಿಯಿತು. ಪಾಸ್‌ಪೋರ್ಟ್ ಕೇಸಿನ ಕಡತದಲ್ಲಿ. ದೇಶ ಬಿಡುವ ಹಾಗಿಲ್ಲ, ವೀಸಾ ಇಲ್ಲದೆ ಇರುವ ಹಾಗೂ ಇಲ್ಲ. ಕ್ರಿಮಿನಲ್ ಕೋರ್ಟಿನಲ್ಲಿ ಗೆದ್ದೆ ಅಂತ ನಾನು ಅಂದುಕೊಂಡ ದಿನವೇ ಅವನ ಎರಡನೇ ಕೇಸು ಶುರುವಾಗುವ ಹಾಗಿತ್ತು. ಎಸ್‌ಪಿ ಕಚೇರಿಗೆ ಓಡಾಡಿ, ಬೆಂಗಳೂರಿನ ವಿದೇಶಿಯರ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಬರೆದು, ಕೇಸು ಮುಗಿಯುವವರೆಗೆ ಇರಲು ದಾರಿ ಮಾಡಿದೆವು.

ಜಾಮೀನಿನ ಷರತ್ತುಗಳ ಮೇಲೆ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಒಳ್ಳೆಯ ತೀರ್ಪು ಕೊಟ್ಟಿದೆ, ಫ್ರಾಂಕ್ ವೀಟಸ್ ಎಂಬ ನೈಜೀರಿಯಾದವನ ಕೇಸು. ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ಸದಾ ಎಲ್ಲಿದ್ದೀಯ ಅಂತ ತೋರಿಸಬೇಕು ಎಂಬ ಷರತ್ತು ಸಲ್ಲದು ಅಂತ. ಅವನು ದೇಶ ಬಿಡುವುದಿಲ್ಲ ಅಂತ ರಾಯಭಾರ ಕಚೇರಿಯ ಪ್ರಮಾಣಪತ್ರ ತರಬೇಕು ಎಂಬುದನ್ನೂ ತೆಗೆದುಹಾಕಿದರು. ತರುವುದು ಅವನ ಕೈಯಲ್ಲಿ ಇಲ್ಲದ ಕಾಗದ ಅದು.

ಗೋಕರ್ಣದ ಹೋಂಸ್ಟೇಯವರಿಗೂ ಒಂದು ಮಾತು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವನ ವಿವರದ ಫಾರಂ ತುಂಬಿ ಅಧಿಕಾರಿಗಳಿಗೆ ತಿಳಿಸಿ, ಹಿಂದೆ ಸಿ ಫಾರಂ ಅನ್ನುತ್ತಿದ್ದದ್ದು. 'ಎರಡೇ ದಿನ ಇದ್ದ ಸಾರ್' ಅಂತ ಆಮೇಲೆ ನನ್ನ ಹತ್ತಿರ ಹೇಳಿ ಉಪಯೋಗವಿಲ್ಲ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆಗಳು ಹೋದವು. ತಿಳಿಸುವ ಹೊಣೆ ಮಾತ್ರ ಎಲ್ಲೂ ಹೋಗಿಲ್ಲ.

ಸರಿ, ಮೂರು ಗಂಟೆಯ ಫೋನ್‌ಗೆ ಬರುತ್ತೇನೆ. ಹೊನ್ನಾವರ ತಾಲ್ಲೂಕಿನ ಹುಡುಗ, ಮಸ್ಕತ್‌ನಲ್ಲಿ ಎಸಿ ಮೆಕ್ಯಾನಿಕ್. ಒಂದು ತಿಂಗಳ ರಜೆಗೆ ಬಂದವನನ್ನು ಏರ್‌ಪೋರ್ಟಿನ ಇಮಿಗ್ರೇಷನ್ ಕೌಂಟರಿನಲ್ಲಿ ನಿಲ್ಲಿಸಿದ್ದಾರೆ. ಲುಕ್‌ಔಟ್ ಸುತ್ತೋಲೆ, ಅಂದರೆ ಈತ ಕಂಡರೆ ತಡೆಯಿರಿ ಅಂತ ಇಮಿಗ್ರೇಷನ್‌ನವರಿಗೆ ಮೊದಲೇ ಹೋಗಿರುವ ಸೂಚನೆ. ಅವನಿಗೆ ತಲೆಬುಡ ಗೊತ್ತಿಲ್ಲ. 'ಸಾರ್, ನಾನು ಎಂತ ಮಾಡಿದ್ದೆ?' ಅಂತ ಅವನೇ ನನ್ನನ್ನು ಕೇಳುತ್ತಾನೆ.

ಮಾಡಿದ್ದು ಎಂಟು ವರ್ಷದ ಹಿಂದಿನ ವಾಲಿಬಾಲ್ ಟೂರ್ನಮೆಂಟಿನ ಗಲಾಟೆ. ಐದು ಜನರ ಮೇಲೆ ಕೇಸು, ಅಡ್ಡಗಟ್ಟಿ ಹೊಡೆದರು ಅಂತ. ಚಾರ್ಜ್‌ಶೀಟ್ ಬರುವ ಹೊತ್ತಿಗೆ ಇವನು ಮಸ್ಕತ್‌ನಲ್ಲಿ. ಸಮನ್ಸ್ ತಂದ ಪೊಲೀಸರಿಗೆ ಅಮ್ಮ 'ಅವ ಊರಲ್ಲಿಲ್ಲ' ಅಂದಿದ್ದಾರೆ. ನಿಜವನ್ನೇ ಹೇಳಿದ್ದು. ಕಾಗದದಲ್ಲಿ ಅದು 'ಆರೋಪಿ ತಲೆಮರೆಸಿಕೊಂಡಿದ್ದಾನೆ' ಅಂತಾಯಿತು. ಜಾಮೀನುರಹಿತ ವಾರಂಟ್. ಉಳಿದ ನಾಲ್ವರ ಕೇಸು ಬೇರೆಯಾಗಿ ನಡೆದು ಖುಲಾಸೆಯೂ ಆಯಿತು. ಇವನದು ಹಾಗೇ ಉಳಿಯಿತು. ನಡುವೆ ಒಮ್ಮೆ ಊರಿಗೆ ಬಂದು ಹೋಗಿದ್ದ, ಏನೂ ಆಗಿರಲಿಲ್ಲ. ಸುತ್ತೋಲೆ ಹೊರಟದ್ದು ಆಮೇಲೆ.

ಮರುದಿನ ಸಂಜೆ ಕೋರ್ಟಿಗೆ ತಂದರು. ವಾರಂಟ್ ಹಿಂಪಡೆಯಲು ಅರ್ಜಿ, ಜಾಮೀನು ಅರ್ಜಿ, ಜೊತೆಗೆ ಮಸ್ಕತ್‌ನ ವೀಸಾ, ಸಂಬಳದ ಚೀಟಿ, ಸಮನ್ಸ್ ಬಂದಾಗ ಊರಲ್ಲಿ ಇರಲೇ ಇಲ್ಲ ಅನ್ನುವುದಕ್ಕೆ ಪಾಸ್‌ಪೋರ್ಟಿನ ಮೊಹರು ಬಿದ್ದ ಪುಟಗಳ ನಕಲು. ಆ ಮೊಹರುಗಳೇ ಕೆಲಸ ಮಾಡಿದವು. ತಲೆಮರೆಸಿಕೊಂಡವನು ಇಮಿಗ್ರೇಷನ್ ಸಾಲಿನಲ್ಲಿ ನಿಂತು ಮೊಹರು ಹಾಕಿಸಿಕೊಳ್ಳುತ್ತಾನೆಯೇ ಅಂತ ಕೇಳಿದೆ. ಜಾಮೀನಾಯಿತು.

ಈ ಸಲ ನಾನು ತಪ್ಪೊಪ್ಪಿಗೆ ಎಂಬ ಶಬ್ದವನ್ನೇ ಎತ್ತಲಿಲ್ಲ. ಹುಡುಗನೇ ಎತ್ತಿದ. ರಜೆ ಇನ್ನು ಇಪ್ಪತ್ತು ದಿನ, ದಂಡ ಎಷ್ಟಾದರೂ ಕಟ್ಟುತ್ತೇನೆ ಅಂದ. ಬೇಡ, ರಾಜಿ ಮಾಡೋಣ ಅಂದೆ. ದೂರು ಕೊಟ್ಟವನನ್ನು ಹುಡುಕಿದರೆ ಅವನು ಕತಾರ್‌ನಲ್ಲಿ! ಬರುವುದು ಇನ್ನು ಐದು ತಿಂಗಳಿಗೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಹುಡುಗನಿಗೆ ಖುದ್ದು ಹಾಜರಾತಿಯಿಂದ ವಿನಾಯಿತಿ, ಕೆಲಸಕ್ಕೆ ವಾಪಸ್ ಹೋಗಲು ಅನುಮತಿ ತೆಗೆದುಕೊಂಡೆವು. ಅವಧಿ ನಮೂದಿಸಿ. ಕತಾರ್‌ನವನು ಹಬ್ಬಕ್ಕೆ ಬಂದಾಗ ಇವನೂ ನಾಲ್ಕು ದಿನ ರಜೆ ಹಾಕಿ ಬಂದ. ಇಬ್ಬರೂ ಕೋರ್ಟಿನಲ್ಲಿ ಭೇಟಿಯಾದರು, ಅಲ್ಲಿನ ಸಂಬಳ, ರೂಮಿನ ಬಾಡಿಗೆ ಅಂತ ಮಾತಾಡುತ್ತ ಕೂತರು. ಕೇಸಿನ ಹೆಸರು ಕೂಗಿದ್ದು ಇಬ್ಬರಿಗೂ ಕೇಳಿಸಲಿಲ್ಲ. ನಾನೇ ಹೊರಗೆ ಬಂದು ಕರೆಯಬೇಕಾಯಿತು.

ರಾಜಿ ಆಯಿತು. ಖುಲಾಸೆ. ಮೂರನೇ ದಿನ ರಾತ್ರಿ ಮತ್ತೆ ಫೋನ್. 'ಸಾರ್, ಮತ್ತೆ ನಿಲ್ಲಿಸಿದ್ದಾರೆ.'

ಕೇಸು ಮುಗಿದರೂ ಲುಕ್‌ಔಟ್ ಸುತ್ತೋಲೆ ತಾನಾಗಿ ಮುಗಿಯುವುದಿಲ್ಲ. ಹೊರಡಿಸಿದವರೇ ತೆಗೆಯಿರಿ ಅಂತ ಬರೆಯಬೇಕು. ಯಾರೂ ಬರೆದಿರಲಿಲ್ಲ, ನಾನೂ ನೆನಪಿಸಿರಲಿಲ್ಲ. ಪುಣ್ಯಕ್ಕೆ ಆದೇಶದ ದೃಢೀಕೃತ ನಕಲನ್ನು ಬ್ಯಾಗಿನಲ್ಲಿ ಇಟ್ಟುಕೋ ಅಂತ ಹೇಳಿದ್ದೆ. 'ಅದನ್ನು ತೋರಿಸು, ಫೋನ್ ಅವರಿಗೆ ಕೊಡು' ಅಂದೆ. ಎರಡು ತಾಸು ಹಿಡಿಯಿತು. ವಿಮಾನದ ಬಾಗಿಲು ಹಾಕುವ ಮೊದಲು ಅವನಿಂದ ಒಂದೇ ಪದದ ಮೆಸೇಜು ಬಂತು: 'ಕೂತೆ'.

ಬೆಳಿಗ್ಗೆ ಕೋರ್ಟಿಗೆ ಹೋಗುವ ಮೊದಲು ಸ್ಟೇಷನ್ನಿಗೆ ಹೋಗಿ ಸುತ್ತೋಲೆ ತೆಗೆಸಲು ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡು ಬಂದೆ.