ಪತ್ರಲೇಖನದ ಪಾಠವೂ ಕೆಲಸ ಬಿಡುವ ದಿನವೂ

ಮುಂಬಯಿಯ ನಮ್ಮ ಶಾಲೆಯ ಕನ್ನಡ ತರಗತಿಯಲ್ಲಿ ಪತ್ರ ಬರೆಯುವುದಕ್ಕೆ ಕಟ್ಟುನಿಟ್ಟಾದ ಚೌಕಟ್ಟು ಇತ್ತು. ಮೇಲೆ ದಿನಾಂಕ, ಆಮೇಲೆ ‘ಇಂದ’, ಅದರ ಕೆಳಗೆ ‘ಗೆ’, ‘ಮಾನ್ಯರೇ’, ವಿಷಯದ ಒಂದು ಸಾಲು, ಒಕ್ಕಣೆ, ಕೊನೆಗೆ ‘ಇತಿ ತಮ್ಮ ವಿಶ್ವಾಸಿ’. ರಜೆ ಕೇಳುವ ಪತ್ರ, ವಾರ್ಡ್ ಆಫೀಸಿಗೆ ದೂರಿನ ಪತ್ರ, ಪುಸ್ತಕ ತರಿಸುವ ಪತ್ರ, ಎಲ್ಲದಕ್ಕೂ ಇದೇ ಅಚ್ಚು. ದಿನಾಂಕ ಬಿಟ್ಟವರಿಗೆ ಅರ್ಧ ಅಂಕ ಹೋಗುತ್ತಿತ್ತು. ಈ ಶಾಲೆಯಿಂದ ಹೊರಬಿದ್ದು ಕೆಲಸಕ್ಕೆ ಸೇರಿ, ಎರಡು ಮೂರು ವರ್ಷಗಳಲ್ಲೇ ಎರಡನೆಯ ಕಂಪನಿಗೋ ಮೂರನೆಯದಕ್ಕೋ ಹೊರಟಿರುವವರಿಗೆ ಆ ಅರ್ಧ ಅಂಕ ಈಗ ಸಾವಿರಗಟ್ಟಲೆ ರೂಪಾಯಿಯ ಬೆಲೆಯದಾಗಿದೆ. ಕೆಲಸ ಬದಲಿಸುವಾಗ ಕೈಬಿಟ್ಟು ಹೋಗುವ ಹಣವೆಲ್ಲ ಬಹುಮಟ್ಟಿಗೆ ದಿನಾಂಕಗಳ ನಡುವಿನ ಸಂದಿಯಲ್ಲೇ ಸೋರುತ್ತದೆ. ಶಾಲೆಯ ಸಂಚಿಕೆಗೆ ನೆನಪು ಬರೆಯಿರಿ ಎಂದಾಗ ಆ ಪಾಠವನ್ನೇ ಮುಂದುವರಿಸಬೇಕೆನಿಸಿತು.

ಮುಂಬಯಿ ಕನ್ನಡಿಗರಿಗೆ ಕೆಲಸ ಬದಲಿಸುವುದು ಹೊಸದಲ್ಲ. ಊರಿಂದ ಬಂದು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಕಲಿತು, ಅಲ್ಲಿಂದ ಬ್ಯಾಂಕಿಗೂ ಕಚೇರಿಗೂ ಹತ್ತಿದ ಒಂದು ತಲೆಮಾರೇ ಇಲ್ಲಿತ್ತು. ಅವರ ಲೆಕ್ಕ ಗಲ್ಲಾಪೆಟ್ಟಿಗೆಯ ಮುಂದೆ ಒಂದೇ ಸಂಜೆಯಲ್ಲಿ ಚುಕ್ತಾ ಆಗುತ್ತಿತ್ತು. ಇಂದಿನ ಲೆಕ್ಕ ಮೂರು ತಿಂಗಳು ನಡೆಯುತ್ತದೆ.

ಮೊದಲು ರಾಜೀನಾಮೆ. ಹೊಸ ಕಡೆಯ ಆಫರ್ ಪತ್ರ ಕೈಗೆ ಬಂದು, ಅದರಲ್ಲಿ ಸಂಬಳ, ಹುದ್ದೆ, ಸೇರುವ ದಿನ ಮೂರೂ ಬರಹದಲ್ಲಿ ಇರುವವರೆಗೆ ಹಳೆಯ ಕಡೆ ಬಾಯಿ ಬಿಡಬಾರದು. ಫೋನಿನಲ್ಲಿ ಬಂದ ‘ಸೆಲೆಕ್ಟ್ ಆಗಿದ್ದೀರಿ’ ಎಂಬ ಮಾತಿಗೆ ಬೆಲೆ ಕಟ್ಟಲಾಗದು. ರಾಜೀನಾಮೆಯನ್ನು ಇ-ಮೇಲಿನಲ್ಲಿ ಕೊಡಬೇಕು, ಅದರ ಪ್ರತಿ ನಿಮ್ಮ ಸ್ವಂತ ಇ-ಮೇಲಿಗೂ ಹೋಗಿರಬೇಕು. ನಾಲ್ಕು ಸಾಲು ಸಾಕು: ಇಂಥ ದಿನಾಂಕದಿಂದ ರಾಜೀನಾಮೆ, ನೇಮಕಾತಿ ಪತ್ರದ ಪ್ರಕಾರ ನೋಟಿಸ್ (ಬಿಡುವ ಮೊದಲು ದುಡಿಯಬೇಕಾದ ಅವಧಿ) ಇಷ್ಟು ದಿನ, ಅದರಂತೆ ಕೊನೆಯ ದಿನ ಇಂಥದ್ದು, ದಯವಿಟ್ಟು ಸ್ವೀಕೃತಿ ತಿಳಿಸಿ. ಕಾರಣ, ಬೇಸರ, ಮ್ಯಾನೇಜರರ ಮೇಲಿನ ದೂರು ಯಾವುದೂ ಆ ಪತ್ರದಲ್ಲಿ ಬೇಡ. ಅದು ಫೈಲಿಗೆ ಸೇರುವ ಕಾಗದ, ಮುಂದೆ ಯಾರಾದರೂ ತೆರೆದು ನೋಡುವಂಥದ್ದು.

‘90 ದಿನ’ ಮತ್ತು ‘ಮೂರು ತಿಂಗಳು’ ಯಾವಾಗಲೂ ಒಂದೇ ಅಲ್ಲ. ಜನವರಿ 10ರಂದು ಪತ್ರ ಕೊಟ್ಟು ಮರುದಿನದಿಂದ ಎಣಿಸಿದರೆ ತೊಂಬತ್ತನೆಯ ದಿನ ಏಪ್ರಿಲ್ 10. ಅಧಿಕ ವರ್ಷವಾದರೆ ಏಪ್ರಿಲ್ 9. ಪತ್ರ ಕೊಟ್ಟ ದಿನವನ್ನೂ ಸೇರಿಸುವ ಕಡೆ ಇನ್ನೊಂದು ದಿನ ಹಿಂದೆ ಬರುತ್ತದೆ. ಒಂದು ದಿನದ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ ಎಂದರೆ, ಹೌದು. ಕಾರಣ ಮುಂದೆ ಪಿಎಫ್ (ಭವಿಷ್ಯ ನಿಧಿ) ಮಾತಿನಲ್ಲಿ ಬರುತ್ತದೆ. ನೋಟಿಸಿನ ದಿನಗಳನ್ನು ಹಣ ಕಟ್ಟಿ ಕಡಿಮೆ ಮಾಡಿಸುವುದಾದರೆ ಆ ಹಣ ಮೂಲ ವೇತನದ ಮೇಲೋ ಪೂರ್ತಿ ಸಂಬಳದ ಮೇಲೋ ಎಂಬುದನ್ನು ನೇಮಕಾತಿ ಪತ್ರದಲ್ಲಿ ಹುಡುಕಿ. ಎರಡರ ಅಂತರ ದುಪ್ಪಟ್ಟು ಇರಬಹುದು.

ಈಗ ಹೊಸ ಸಂಬಳ. ವರ್ಷಕ್ಕೆ ಆರು ಲಕ್ಷದ ‘ಸಿಟಿಸಿ’ (ನಿಮಗಾಗಿ ಕಂಪನಿಗೆ ತಗಲುವ ಒಟ್ಟು ಖರ್ಚು) ಎಂದ ಕೂಡಲೇ ತಿಂಗಳಿಗೆ 50,000 ಎಂದು ಲೆಕ್ಕ ಹಾಕಿ ದೊಡ್ಡ ಬಾಡಿಗೆಯ ರೂಮು ಹಿಡಿದವರು ಕಷ್ಟಕ್ಕೆ ಸಿಕ್ಕಿದ್ದಾರೆ. ಬಿಡಿಸಿ ನೋಡೋಣ. ಆರು ಲಕ್ಷದಲ್ಲಿ 60,000 ವೇರಿಯಬಲ್ ಎಂದಿದ್ದರೆ ಅದು ವರ್ಷದ ಕೊನೆಗೆ, ಅದೂ ಕೊಟ್ಟರೆ. ಮೂಲ ವೇತನ ತಿಂಗಳಿಗೆ 25,000 ಎಂದಿಟ್ಟುಕೊಂಡರೆ ಕಂಪನಿಯ ಪಿಎಫ್ ಪಾಲು 12 ಶೇಕಡಾ, ಅಂದರೆ ವರ್ಷಕ್ಕೆ 36,000, ಅದನ್ನೂ ಸಿಟಿಸಿಯ ಒಳಗೇ ಸೇರಿಸಿರುತ್ತಾರೆ. ಗ್ರಾಚ್ಯುಟಿ (ದೀರ್ಘ ಸೇವೆಯ ಮೇಲೆ ಬಿಡುವಾಗ ಕೊಡುವ ಹಣ) ಎಂದು ಮೂಲ ವೇತನದ 4.81 ಶೇಕಡಾ, 14,430 ರೂಪಾಯಿ. ಇವೆಲ್ಲ ಕಳೆದು ಉಳಿದ 4,89,570ನ್ನು ಹನ್ನೆರಡರಿಂದ ಭಾಗಿಸಿದರೆ ಸುಮಾರು 40,800. ಅದರಿಂದ ನಿಮ್ಮ ಪಾಲಿನ ಪಿಎಫ್ 3,000, ಮಹಾರಾಷ್ಟ್ರದ ವೃತ್ತಿ ತೆರಿಗೆ 200 (ಫೆಬ್ರವರಿಯಲ್ಲಿ 300) ಹೋಗಿ ಕೈಗೆ ಬರುವುದು 37,600ರ ಆಸುಪಾಸು. ಆದುದರಿಂದ ಹಳೆಯದನ್ನೂ ಹೊಸದನ್ನೂ ಹೋಲಿಸುವಾಗ ಸಿಟಿಸಿಗೆ ಸಿಟಿಸಿ ಇಡಬೇಡಿ, ಕೈಗೆ ಬರುವುದಕ್ಕೆ ಕೈಗೆ ಬರುವುದನ್ನು ಇಡಿ. ಆಫರಿನೊಂದಿಗೆ ತಿಂಗಳ ವಿಂಗಡಣೆಯ ಹಾಳೆ ಕೇಳುವುದರಲ್ಲಿ ಸಂಕೋಚ ಬೇಡ.

ಸಂಬಳ ನಿಲ್ಲುವ ಕಾಲವನ್ನು ಯಾರೂ ಮೊದಲೇ ಹೇಳಿಕೊಡುವುದಿಲ್ಲ. ಏಪ್ರಿಲ್ 10ಕ್ಕೆ ಬಿಡುವವರ ಮಾರ್ಚ್ ಸಂಬಳವನ್ನೇ ಕೆಲವು ಕಂಪನಿಗಳು ತಡೆಹಿಡಿಯುತ್ತವೆ. ಲ್ಯಾಪ್‌ಟಾಪು, ಗುರುತಿನ ಚೀಟಿ ಒಪ್ಪಿಸಿ ಎಲ್ಲ ವಿಭಾಗಗಳ ಸಹಿ ಆದ ಮೇಲೆ ‘ಫುಲ್ ಅಂಡ್ ಫೈನಲ್’ ಎಂದು ಒಟ್ಟಿಗೆ ಕೊಡುತ್ತಾರೆ. ಅದಕ್ಕೆ ಮೂವತ್ತು ನಲವತ್ತೈದು ದಿನ ಹಿಡಿಯುವುದುಂಟು. ಇತ್ತ ಹೊಸ ಕಡೆ ತಿಂಗಳ ಇಪ್ಪತ್ತರ ನಂತರ ಸೇರಿದವರ ಹೆಸರು ಆ ತಿಂಗಳ ಸಂಬಳದ ಪಟ್ಟಿಗೆ ಬಾರದೆ ಮುಂದಿನ ತಿಂಗಳಿಗೆ ಹೋಗುವುದುಂಟು. ಎರಡೂ ಕೂಡಿಬಂದರೆ ಫೆಬ್ರವರಿ ಕೊನೆಯ ಸಂಬಳದ ಮೇಲೆ ಮೇ ಕೊನೆಯವರೆಗೆ ಖಾತೆಗೆ ಬಿಡಿಕಾಸೂ ಬರದು. ಬಾಡಿಗೆಯ ಪಾಲು 10,000, ಡಬ್ಬಾ 5,000, ಪಾಸು ಮತ್ತು ರಿಕ್ಷಾ 1,500, ಮೊಬೈಲು ಕರೆಂಟು 1,500, ಊರಿಗೆ ಕಳುಹಿಸುವುದು 8,000 ಎಂದರೆ ತಿಂಗಳಿಗೆ 26,000. ಮೂರು ತಿಂಗಳಿಗೆ 78,000. ಇಷ್ಟು ಕೈಯಲ್ಲಿ ಇಟ್ಟುಕೊಂಡೇ ರಾಜೀನಾಮೆ ಕೊಡಬೇಕು. ಹಳೆಯ ಸಂಬಳದ ಖಾತೆಯಿಂದ ಸಾಲದ ಕಂತೋ ಎಸ್‌ಐಪಿಯೋ (ಮ್ಯೂಚುವಲ್ ಫಂಡಿನ ತಿಂಗಳ ಹೂಡಿಕೆ) ತಾನಾಗಿ ಕಡಿತವಾಗುತ್ತಿದ್ದರೆ ಅದಕ್ಕೂ ಹಣ ಉಳಿಸಿರಬೇಕು. ಕಂತು ಮರಳಿ ಹೋದರೆ ದಂಡ ಬೀಳುವುದಷ್ಟೇ ಅಲ್ಲ, ಮುಂದೆ ಮನೆಸಾಲ ಕೇಳಲು ಹೋದಾಗ ಆ ದಾಖಲೆ ಎದುರಿಗೆ ಬರುತ್ತದೆ. ಸಂಬಳ ಬರುವುದು ನಿಂತು ಕೆಲವು ತಿಂಗಳಾದರೆ ಬ್ಯಾಂಕು ಆ ಸಂಬಳದ ಖಾತೆಯನ್ನು ಸಾಮಾನ್ಯ ಉಳಿತಾಯ ಖಾತೆಯನ್ನಾಗಿ ಮಾಡಿ, ಅದರಲ್ಲಿ ಕನಿಷ್ಠ ಮೊತ್ತ ಇಟ್ಟಿರಬೇಕೆಂದು ಕೇಳುವುದುಂಟು.

ಇನ್ನು ಪಿಎಫ್. ನಮ್ಮವರು ಅತಿ ಹೆಚ್ಚು ಅಲೆದಾಡುವುದು ಇಲ್ಲಿಯೇ. ಯುಎಎನ್ ಎಂಬ ಹನ್ನೆರಡು ಅಂಕೆಯ ಸಂಖ್ಯೆ ಒಬ್ಬರಿಗೆ ಜೀವಮಾನಕ್ಕೆ ಒಂದೇ. ಹೊಸ ಕಡೆ ಸೇರುವ ದಿನ ತುಂಬಿಸುವ ಫಾರ್ಮ್ 11ರಲ್ಲಿ ಅದನ್ನು ಬರೆಯದೆ ಬಿಟ್ಟರೆ ಇನ್ನೊಂದು ಸಂಖ್ಯೆ ಹುಟ್ಟಿಕೊಳ್ಳಬಹುದು, ಆಮೇಲೆ ಎರಡನ್ನೂ ಕೂಡಿಸುವ ಕೆಲಸ ಬೇರೆ. ಹಳೆಯ ಕಂಪನಿ ‘ಬಿಟ್ಟ ದಿನಾಂಕ’ ನಮೂದಿಸದಿದ್ದರೆ ಹಣ ವರ್ಗವಾಗದೆ ನಿಂತುಬಿಡುತ್ತದೆ. ಅವರು ಮರೆತರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಯುಎಎನ್ ಪೋರ್ಟಲಿನಲ್ಲಿ ನೀವೇ ಆಧಾರ್ ಒಟಿಪಿಯಿಂದ ಅದನ್ನು ತುಂಬಬಹುದು. ತುಂಬುವ ದಿನಾಂಕ ಹೊಸ ಕಡೆ ಸೇರಿದ ದಿನಕ್ಕಿಂತ ಹಿಂದಿನದೇ ಆಗಿರಬೇಕು. ಹಳೆಯ ಕಡೆ ಏಪ್ರಿಲ್ 10ರವರೆಗೆ, ಹೊಸ ಕಡೆ ಏಪ್ರಿಲ್ 9ರಿಂದ ಎಂದು ದಾಖಲಾದರೆ ಸೇವಾವಧಿ ಒಂದರ ಮೇಲೊಂದು ಬಿದ್ದಂತಾಗಿ ಅರ್ಜಿ ಸಿಕ್ಕಿಕೊಳ್ಳಬಹುದು. ಮೇಲೆ ಒಂದು ದಿನಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕೇ.

ಪಾಸ್‌ಬುಕ್ ತೆರೆದು, ‘ನನ್ನ 3,000 ಇದೆ, ಕಂಪನಿಯದು 1,750 ಮಾತ್ರ, ಉಳಿದದ್ದು ನುಂಗಿದರು’ ಎಂದು ಸಿಟ್ಟಾಗುವವರಿದ್ದಾರೆ. ನುಂಗಿಲ್ಲ. ಕಂಪನಿಯ ಪಾಲಿನಿಂದ 15,000ದ ಮಿತಿಯ ಮೇಲೆ 8.33 ಶೇಕಡಾ, ಅಂದರೆ 1,250 ರೂಪಾಯಿ ಪಿಂಚಣಿ ಯೋಜನೆಗೆ ಹೋಗುತ್ತದೆ. ಆದರೆ ಇಲ್ಲೊಂದು ಸೂಕ್ಷ್ಮವಿದೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಪಿಎಫ್‌ಗೆ ಸೇರಿದವರ ಮೂಲ ವೇತನ ಆಗಲೇ 15,000 ದಾಟಿದ್ದರೆ ಅವರಿಗೆ ಪಿಂಚಣಿ ಯೋಜನೆಯೇ ಅನ್ವಯಿಸದು, ಪೂರ್ತಿ ಪಾಲು ಪಿಎಫ್‌ಗೇ ಬೀಳಬೇಕು. ಮೊದಲ ಕಂಪನಿ ಸರಿಯಾಗಿ ಹಾಕಿ, ಎರಡನೆಯದು ತಿಳಿಯದೆ ಪಿಂಚಣಿಗೆ 1,250 ಕಡಿಯತೊಡಗಿದರೆ ಮುಂದೆ ಹಣ ವರ್ಗಾಯಿಸುವಾಗ ಗಂಟು ಬೀಳುತ್ತದೆ. ಹೊಸ ಕೆಲಸದ ಎರಡನೆಯ ತಿಂಗಳಲ್ಲೇ ಪಾಸ್‌ಬುಕ್ ನೋಡಿದರೆ ಒಂದೇ ಇ-ಮೇಲಿನಲ್ಲಿ ಸರಿಯಾಗಬಹುದಾದದ್ದು, ನಾಲ್ಕು ವರ್ಷ ಬಿಟ್ಟರೆ ಎರಡು ಕಂಪನಿಗಳ ಬಾಗಿಲು ತಟ್ಟಬೇಕಾಗುತ್ತದೆ.

ಕೆಲಸ ಬಿಟ್ಟಾಗಲೆಲ್ಲ ಪಿಎಫ್ ತೆಗೆದು ಮೊಬೈಲು ಕೊಳ್ಳುವ ಚಾಳಿಯ ಬಗ್ಗೆ ನನಗೆ ನಿಜಕ್ಕೂ ನೋವಿದೆ. ವರ್ಗಾಯಿಸಿದರೆ ಹಳೆಯ ಸೇವೆ ಹೊಸದಕ್ಕೆ ಕೂಡಿ ಐದು ವರ್ಷದ ಲೆಕ್ಕಕ್ಕೆ ಬರುತ್ತದೆ. ಐದು ತುಂಬುವ ಮೊದಲೇ ತೆಗೆದರೆ ಸಾಮಾನ್ಯವಾಗಿ ಆ ಹಣಕ್ಕೆ ತೆರಿಗೆ. ಪಿಂಚಣಿ ಯೋಜನೆಯ ಹಣವನ್ನೂ ಹೀಗೆ ತೆಗೆದರೆ ಪಿಂಚಣಿಗೆ ಬೇಕಾದ ಹತ್ತು ವರ್ಷದ ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ.

ತೆರಿಗೆಯದು ಇಷ್ಟೇ: ವರ್ಷದ ನಡುವೆ ಕೆಲಸ ಬದಲಿಸಿದರೆ ಹಿಂದಿನ ಕಡೆ ಬಂದ ಸಂಬಳವನ್ನೂ ಕಡಿದ ತೆರಿಗೆಯನ್ನೂ ಹೊಸ ಕಡೆ ಬರೆದು ಕೊಡಿ. ಕೊಡದಿದ್ದರೆ ಅವರು ನಿಮ್ಮ ಗಳಿಕೆ ತಮ್ಮಲ್ಲಿಂದಲೇ ಶುರುವಾಯಿತೆಂದು ತಿಳಿದು, ಹೊಸ ತೆರಿಗೆ ಪದ್ಧತಿಯ 75,000ದ ಕಡಿತವನ್ನೂ ಕೆಳಗಿನ ಹಂತದ ರಿಯಾಯಿತಿಯನ್ನೂ ಮತ್ತೊಮ್ಮೆ ಕೊಡುತ್ತಾರೆ. ರಿಟರ್ನ್ ತುಂಬುವಾಗ ಎಲ್ಲವೂ ಬಡ್ಡಿಸಮೇತ ಒಂದೇ ಸಲ ಕಟ್ಟಬೇಕಾಗುತ್ತದೆ.

ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಊರಿನಲ್ಲಿರುವ ತಂದೆತಾಯಿಯ ಹೆಸರೂ ಅದರಲ್ಲೇ ಇದ್ದರೆ ನಡುವಿನ ಹತ್ತು ದಿನ ಅವರಿಗೆ ಏನೂ ಇರುವುದಿಲ್ಲ. ಸ್ವಂತ ಪಾಲಿಸಿಯಲ್ಲೂ ಅಪಘಾತ ಬಿಟ್ಟರೆ ಮೊದಲ 30 ದಿನ ಖರ್ಚು ಸಿಗದು. ಆದುದರಿಂದ ಅದನ್ನು ಕೊಳ್ಳುವುದಿದ್ದರೆ ನೋಟಿಸ್ ಕೊಟ್ಟ ವಾರದಲ್ಲೇ ಕೊಳ್ಳಬೇಕು.

ದಿನನಿತ್ಯದ ಓಡಾಟ ಇದರಷ್ಟೇ ಮುಖ್ಯ. ಸಂಬಳ ಐದು ಸಾವಿರ ಏರಿ, ದಾರಿ ದಿನಕ್ಕೆ ಒಂದೂವರೆ ಗಂಟೆ ಏರಿದರೆ ಆರು ತಿಂಗಳಲ್ಲಿ ಮೈ ಹೇಳುತ್ತದೆ. ಆಫರ್ ಒಪ್ಪುವ ಮೊದಲು ಒಂದು ಕೆಲಸದ ದಿನ, ಭಾನುವಾರವಲ್ಲ, ಬೆಳಗ್ಗೆ ಎಂಟರ ಲೋಕಲಿಗೆ ಮನೆಯಿಂದ ಹೊಸ ಆಫೀಸಿನ ಗೇಟಿನವರೆಗೆ ಹೋಗಿ ಗಡಿಯಾರ ನೋಡಿ. ಡೊಂಬಿವಿಲಿಯಿಂದ ಅಂಧೇರಿಯ ಸೀಪ್ಜ್ ಕೈಗಾರಿಕಾ ವಲಯದ ಕಡೆಗಾದರೆ ದಾದರಿಗೆ ಹೋಗಿ ಸೇತುವೆ ಹತ್ತಿ ಪಶ್ಚಿಮ ಲೈನು ಹಿಡಿಯುವ ಬದಲು ಘಾಟ್ಕೋಪರಿನಲ್ಲಿಳಿದು ಮೆಟ್ರೋ ಹಿಡಿಯುವುದೇ ಲೇಸು. 2014ರಲ್ಲಿ ಆ ಲೈನು ಶುರುವಾದಂದಿನಿಂದ ನಮ್ಮ ಎಷ್ಟೋ ಮಂದಿಗೆ ಪೂರ್ವ ಪಶ್ಚಿಮದ ದಾರಿ ಹಗುರವಾಗಿದೆ. ಬೊರಿವಿಲಿಯಿಂದ ಠಾಣೆಗೆ ನೇರ ಲೋಕಲ್ ಇಲ್ಲ. ದಾದರ್ ಸುತ್ತಬೇಕು, ಇಲ್ಲವೇ ಘೋಡ್‌ಬಂದರ್ ರಸ್ತೆಯ ಬಸ್ಸು. ಮಳೆಗಾಲದಲ್ಲಿ ಆ ರಸ್ತೆಯನ್ನು ನಂಬಿ ಸಮಯ ಹೇಳಲಾಗದು. ಮೂರು ತಿಂಗಳ ಪಾಸಿನ ಬೆಲೆ ತಿಂಗಳ ಪಾಸಿನ 2.7 ಪಟ್ಟು, ಉಳಿತಾಯವಿದೆ ನಿಜ. ಆದರೆ ನೋಟಿಸ್ ಕೊಟ್ಟ ಮೇಲೆ ತಿಂಗಳದ್ದನ್ನೇ ಕೊಳ್ಳಿ, ಹಳೆಯ ದಾರಿಯ ಪಾಸು ಹೊಸ ದಾರಿಗೆ ನಡೆಯದು.

ರೂಮು ಬದಲಿಸುವುದಾದರೆ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರನ್ನು ತೆರೆದು ‘ಲಾಕ್-ಇನ್’ (ನಡುವೆ ಬಿಡುವಂತಿಲ್ಲದ ಅವಧಿ) ಎಷ್ಟು ತಿಂಗಳೆಂದು ನೋಡಿ. ಹನ್ನೊಂದು ತಿಂಗಳ ಕರಾರಿನಲ್ಲಿ ಆರು ತಿಂಗಳ ಲಾಕ್-ಇನ್ ಇದ್ದು ನಾಲ್ಕರಲ್ಲಿ ಬಿಟ್ಟರೆ ಉಳಿದೆರಡರ ಬಾಡಿಗೆ ಡಿಪಾಸಿಟಿನಲ್ಲಿ ಹೋಗುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಂತೆ ಈ ಕರಾರು ಲಿಖಿತವಾಗಿ ನೋಂದಣಿಯಾಗಲೇಬೇಕು, ಜವಾಬ್ದಾರಿ ಮನೆ ಮಾಲೀಕರದು. ಸ್ಟ್ಯಾಂಪ್ ಸುಂಕ ಒಟ್ಟು ಬಾಡಿಗೆಯ ಕಾಲು ಶೇಕಡಾ, ನಗರದಲ್ಲಿ ನೋಂದಣಿ ಶುಲ್ಕ 1,000 ರೂಪಾಯಿ. ಏಜೆಂಟರು ಹೇಳುವ ಮೊತ್ತದಲ್ಲಿ ಇವೆರಡು ಎಷ್ಟು, ಅವರ ಕೂಲಿ ಎಷ್ಟು ಎಂದು ಬಿಡಿಸಿ ಕೇಳಿ. ಬೀಗದ ಕೈ ಕೊಡುವ ದಿನ ಮೀಟರಿನ ಅಂಕೆ, ಗೋಡೆ, ನಲ್ಲಿಗಳ ಫೋಟೋ ತೆಗೆದಿಟ್ಟುಕೊಳ್ಳಿ.

ಎರಡು ಕೆಲಸಗಳ ನಡುವೆ ಒಂದು ವಾರ ಊರಿಗೆ ಹೋಗಿ ಬರಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ, ಇರಲೂ ಬೇಕು. ಕೊಂಕಣ ರೈಲಿನ ಟಿಕೆಟು 60 ದಿನ ಮೊದಲು ತೆರೆಯುತ್ತದೆ. ನೋಟಿಸು ತೊಂಬತ್ತಾದರೆ ಮೂವತ್ತನೆಯ ದಿನ ಕೊನೆಯ ದಿನಾಂಕವನ್ನು ಕಂಪನಿಯಿಂದ ಬರಹದಲ್ಲಿ ಖಚಿತಪಡಿಸಿಕೊಂಡು ಅದೇ ಬೆಳಗ್ಗೆ ಬುಕ್ ಮಾಡಿ.

ಈಗ ಹತ್ತನೆಯ ತರಗತಿಯಲ್ಲಿರುವವರಿಗೆ ಒಂದು ಮಾತು. ಶಾಲೆಯಿಂದ ಸಿಗುವ ಎಲ್‌ಸಿಯೇ (ಶಾಲೆ ಬಿಟ್ಟ ಪ್ರಮಾಣಪತ್ರ) ನಿಮ್ಮ ಮೊದಲ ರಿಲೀವಿಂಗ್ ಪತ್ರ, ಅಂದರೆ ಬಿಡುಗಡೆಯ ಪತ್ರ; ಶಾಲೆ ಬಿಟ್ಟ ದಿನಾಂಕ, ಕಾರಣ, ನಡತೆ ಎಲ್ಲವೂ ಅದರಲ್ಲಿರುತ್ತದೆ. ಮಹಾರಾಷ್ಟ್ರದ ಎಸ್‌ಎಸ್‌ಸಿಯಲ್ಲಿ ಉಪನಾಮ ಮೊದಲು, ನಿಮ್ಮ ಹೆಸರು ನಡುವೆ, ತಂದೆಯ ಹೆಸರು ಕೊನೆಗೆ. ನಮ್ಮ ಮನೆಗಳಲ್ಲಿ ತಂದೆ ಪೂಜಾರಿ ಎಂದೂ ಮಗ ಕೋಟ್ಯಾನ್ ಎಂದೂ ಬರೆಸಿಕೊಳ್ಳುವುದುಂಟು. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಬರೀ ಇನಿಷಿಯಲ್ ಇರುವುದುಂಟು. ಪಿಎಫ್, ಪ್ಯಾನ್, ಬ್ಯಾಂಕು ಮೂರೂ ಆಧಾರಿನ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಪರೀಕ್ಷೆಗೆ ಮೊದಲು ಬೋರ್ಡಿನಿಂದ ಶಾಲೆಗೆ ಬರುವ ಪ್ರೀ-ಲಿಸ್ಟ್ ಎಂಬ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಸಹಿ ಹಾಕಿಸುತ್ತಾರೆ. ಆ ದಿನ ಆಧಾರ್ ಕಾರ್ಡು ತಂದು, ಇಂಗ್ಲಿಷಿನ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಓದಿ, ಹುಟ್ಟಿದ ದಿನಾಂಕ ನೋಡಿ, ತಪ್ಪಿದ್ದರೆ ಸಹಿ ಹಾಕುವ ಮೊದಲೇ ತರಗತಿಯ ಶಿಕ್ಷಕರಿಗೆ ತೋರಿಸಿ.